ಗೋಡೆಯಾಚೆಯ ಅಕ್ಕ

ಶೇಂಗಾ ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಆಚೆ ಮನೆಯ ಅಕ್ಕ ನೆನಪಾಗುತ್ತಾರೆ. ಮೊನ್ನೆ ಸಂಜೆಯೂ ಹಾಗೇ ಆಯಿತು...

ಚಿತ್ರದುರ್ಗದಲ್ಲಿ, ಜೋಗಿಮಟ್ಟಿ ಕಡೆಯ ಬಡಾವಣೆಯಲ್ಲಿ ನಮ್ಮದು ಕೊನೆಯ ಮನೆ. ನಮ್ಮ ರಸ್ತೆ ಮುಗಿದಲ್ಲಿಂದಲೇ ಇನ್ನೊಂದು ಬಡಾವಣೆ ಶುರು. ಅದರ ಮೊದಲ ಮನೆ ಅಕ್ಕನದು. ನಡುವೆ ಒಂದು ಕಾಲುದಾರಿ. ಶೇಂಗಾ ಚಟ್ನಿಪುಡಿ ಕುಟ್ಟಿದ ದಿನ ಅಕ್ಕ ಬಟ್ಟಲು ಹಿಡಿದು ಅದರಲ್ಲೇ ಬಂದುಬಿಡುತ್ತಿದ್ದರು. ಅಕ್ಕ ಕೋಟೆ ಕೆಳಗಿನ ಹಳೇ ಊರಿನವರು. ಅಲ್ಲಿ ಯಾವ ಓಣಿ ಹೊಕ್ಕರೂ ಇನ್ನೊಂದು ಓಣಿ ಸಿಗುತ್ತದೆ. ಇಲ್ಲಿ ಹಾಗಲ್ಲ, ಒಬ್ಬೊಬ್ಬರು ಒಂದೊಂದು ಹೊಲ ಕೊಂಡು, ತೋಚಿದಂತೆ ರಸ್ತೆ ಹಾಕಿ, ಸೈಟು ಮಾರಿ ಹೋದವರು. ಒಂದರ ರಸ್ತೆಗೂ ಇನ್ನೊಂದರ ರಸ್ತೆಗೂ ಮಾತುಕತೆಯೇ ಇಲ್ಲ.

ಆ ಕಾಲುದಾರಿಯಲ್ಲಿ ಕುರಿಮಂದೆಯೂ ನುಗ್ಗುತ್ತಿತ್ತು. ಅಕ್ಕ ಮುದ್ದಿನಿಂದ ಬೆಳೆಸಿದ್ದ ಕನಕಾಂಬರದ ಗಿಡಗಳು ಒಂದು ಬೆಳಿಗ್ಗೆ ಪೂರ್ತಿ ಖಾಲಿ. ಅವರ ಬಡಾವಣೆಯವರು ದಾರಿಗೆ ಅಡ್ಡ ಗೋಡೆ ಎಬ್ಬಿಸಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅಕ್ಕನೇ.

"ಇನ್ನು ಕುರಿ ಕಾಟ ತಪ್ತು ನೋಡ್ರಿ," ಎಂದು ಗೋಡೆಯ ಮೇಲಿಂದಲೇ ಬಟ್ಟಲು ದಾಟಿಸಿದರು. ನಾವೂ ನಕ್ಕೆವು. ಆಮೇಲೆ ಗೋಡೆ ಇನ್ನಷ್ಟು ಎತ್ತರವಾಯಿತು, ಮೇಲೆ ಗಾಜಿನ ಚೂರು ಬಂದವು.

ಒಂದು ಮಧ್ಯಾಹ್ನ ಅಕ್ಕನಿಗೆ ಎದೆನೋವು. ಅವರ ಯಜಮಾನರು ಕರೆಸಿದ ಆಂಬುಲೆನ್ಸ್, ಮೊಬೈಲ್ ತೋರಿಸಿದ ದಾರಿ ನಂಬಿ, ಬಂದು ನಿಂತದ್ದು ನಮ್ಮ ಗೇಟಿನ ಮುಂದೆ!

"ಇಲ್ಲೇ ಐತ್ರೀ ಮನೆ, ಬೇಗ ಬರ್ರೀ..." ಯಜಮಾನರು ಆಚೆಯಿಂದ ಕೂಗುತ್ತಿದ್ದರು.

"ಆ ಕಡಿಗೆ ಹೆಂಗೆ ಹೋಗ್ಬೇಕ್ರಿ?" ಡ್ರೈವರ್ ನನ್ನನ್ನು ಕೇಳಿದ.

ವಾಪಸ್ ಹೋಗಿ, ಹೆದ್ದಾರಿ ಹಿಡಿದು, ಸುತ್ತಿ ಬಳಸಿ ಬರಬೇಕು. ಅಷ್ಟನ್ನೇ ಹೇಳಿದೆ. ಗಾಡಿ ಹಿಂದಕ್ಕೆ ತಿರುಗಿತು. ನಾನು ಏಣಿ ತಂದು ಗೋಡೆಗೆ ಒರಗಿಸಿದೆ. ಒರಗಿಸಿ ಮಾಡುವುದೇನು? ಗಾಜಿನ ಮೇಲೆ ಮನುಷ್ಯರನ್ನು ದಾಟಿಸಲು ಆಗುತ್ತದೆಯೇ? ಯಜಮಾನರ ಕೂಗು ನಿಲ್ಲುವವರೆಗೂ ಏಣಿ ಹಿಡಿದು ಸುಮ್ಮನೆ ನಿಂತಿದ್ದೆ. ಆಂಬುಲೆನ್ಸ್ ಆ ಕಡೆ ಮುಟ್ಟುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದರು.

ಗೋಡೆ ಒಡೆಸಿ ಎಂದು ಯಾರ್ಯಾರ ಮುಂದೆ ಗೋಗರೆದೆವೋ... ಅವರ ಬಡಾವಣೆಯವರು ನಿಮ್ಮವರನ್ನು ಕೇಳಿ ಅಂದರು, ನಮ್ಮವರು ಅವರನ್ನು ಕೇಳಿ ಅಂದರು. ಅಷ್ಟರಲ್ಲಿ ಪಕ್ಕದ ಹೊಲಗಳಲ್ಲೂ ಬಡಾವಣೆ ಎದ್ದವು, ಅವಕ್ಕೂ ಗೋಡೆ. ಯಜಮಾನರು ಹೊಳಲ್ಕೆರೆಯ ಮಗಳ ಮನೆ ಸೇರಿದರು.

ಈಗ ಅಕ್ಕನ ಮನೆಗೆ ಬಾಡಿಗೆಯವರು ಬಂದಿದ್ದಾರೆ. ನಿನ್ನೆ ಆ ಮನೆಯ ಹೆಂಗಸು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ, "ನಿಮ್ಮನಿಗೆ ಬರಾಕೆ ದಾರಿ ಎಲ್ಲೈತ್ರಿ?" ಎಂದು ನಗುತ್ತಾ ಕೇಳಿದರು.

ಹೆದ್ದಾರಿಯ ದಾರಿ ಹೇಳತೊಡಗಿದೆ. ಅಂದು ಡ್ರೈವರ್‌ಗೆ ಹೇಳಿದ್ದೂ ಅದನ್ನೇ.