ಕೋಚಿಂಗ್ ಬಿಟ್ಟು ಬರೆದ ಪ್ರವೇಶ ಪರೀಕ್ಷೆ

ಮಾಲೂರಿನ ಪದವಿ ಕಾಲೇಜೊಂದರಲ್ಲಿ ನಾನು ಗಣಿತ ಉಪನ್ಯಾಸಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷವಿತ್ತು. ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿ ಸುನೀತ ಸ್ಟಾಫ್ ರೂಮಿಗೆ ಬಂದು ಕುಳಿತಳು. ಬಿಎಸ್ಸಿ ಮುಗಿಸಿ, ಮಾಸ್ತಿ ಹತ್ತಿರದ ರೈತ ಕುಟುಂಬಕ್ಕೆ ಸೊಸೆಯಾಗಿ ಹೋಗಿದ್ದವಳು. ಮನೆಯಲ್ಲಿ ಎಂಟು ತಿಂಗಳ ಮಗು.

ಅವಳಿಗೆ ಎಂಸಿಎ ಓದುವ ಆಸೆ. ಅದಕ್ಕೆ ಪಿಜಿಸಿಇಟಿ, ಅಂದರೆ ಸ್ನಾತಕೋತ್ತರ ಕೋರ್ಸುಗಳ ಪ್ರವೇಶ ಪರೀಕ್ಷೆ ಬರೆಯಬೇಕು. ಎಲ್ಲರ ಮಾತು ಕೇಳಿ ಕೋಲಾರದಲ್ಲಿ ಕೋಚಿಂಗ್ ಸೇರಿದ್ದಳು. ಬಸ್ಸಿನಲ್ಲಿ ಹೋಗಿಬರುವಷ್ಟರಲ್ಲೇ ದಿನ ಮುಗಿಯುತ್ತಿತ್ತು. ಮಗು ಬಾಟಲಿ ಹಾಲು ಮುಟ್ಟುತ್ತಿರಲಿಲ್ಲ. ತರಗತಿಯಲ್ಲಿ ಇವಳಿಗೆ ಹಾಲು ತುಂಬಿ ಎದೆ ಕಟ್ಟಿಕೊಂಡು ಪಾಠ ತಲೆಗೆ ಹತ್ತುತ್ತಿರಲಿಲ್ಲ.

"ಬಿಟ್ಬಿಡ್ತೀನಿ ಮೇಡಂ," ಎಂದಳು.

"ಏನ್ ಬಿಡ್ತೀಯ? ಕೋಚಿಂಗೋ, ಪರೀಕ್ಷೇನೋ?"

ಅವಳು ಕೋಚಿಂಗ್ ನೋಟ್ಸನ್ನು ನನ್ನ ಮೇಜಿನ ಮೇಲಿಟ್ಟಳು.

ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು, ಪಕ್ಕದಲ್ಲಿ ಕುಳಿತು ನೋಡಿದೆ. ಗಣಿತ, ತಾರ್ಕಿಕ ಪ್ರಶ್ನೆಗಳು ಸರಾಗವಾಗಿ ಸಾಗಿದವು. ಕಂಪ್ಯೂಟರ್ ಭಾಗ ಬಂದಾಗ ಪೆನ್ನು ನಿಂತಿತು. ಬಿಎಸ್ಸಿಯಲ್ಲಿ ಆ ವಿಷಯವನ್ನು ಅವಳು ಓದಿರಲೇ ಇಲ್ಲ. ಕೋಚಿಂಗ್‌ನಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಿಕೊಡುತ್ತಿದ್ದರು. ಇವಳಿಗೆ ಬೇಕಿದ್ದದ್ದು ಕಂಪ್ಯೂಟರ್ ಭಾಗವೊಂದೇ.

ಕೋಚಿಂಗ್ ಬಿಡುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಮಗು ಮಲಗಿದಾಗ ಕಂಪ್ಯೂಟರ್ ಪುಸ್ತಕ ಓದುವುದು, ಶನಿವಾರ ಮಧ್ಯಾಹ್ನ ಕಾಲೇಜಿಗೆ ಬಂದು ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆ ಬರೆಯುವುದು.

ಶನಿವಾರಗಳಂದು ಅವಳ ಅತ್ತೆ ಮುನಿಯಮ್ಮ ಮಗುವನ್ನೆತ್ತಿಕೊಂಡು ಜೊತೆಗೇ ಬರುತ್ತಿದ್ದರು. ಶಾಲೆಗೆ ಹೋದವರಲ್ಲ. ಹೊರಗೆ ಹೊಂಗೆಮರದ ಕೆಳಗೆ ಕೂರುತ್ತಿದ್ದರು. ಒಮ್ಮೆ ಮಗು ವಿಪರೀತ ಅತ್ತಿತು. ಸುನೀತ ಪೆನ್ನಿಟ್ಟು ಎದ್ದೇಬಿಟ್ಟಳು. ಮುನಿಯಮ್ಮ ಕಿಟಕಿಗೆ ಬಂದರು.

"ಕೂತ್ಕಣಮ್ಮಾ. ಪರೀಕ್ಷೆ ದಿನಾನೂ ಇವ್ನು ಅಳ್ತಾನೆ. ನೀನು ಬರಿ, ಇವ್ನ ನಾನು ನೋಡ್ಕೋತೀನಿ."

ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು, "ಏಡವಕು ನಾಯನಾ", ಅಳಬೇಡ ಕಂದಾ, ಎಂದು ತೆಲುಗಿನಲ್ಲಿ ರಮಿಸುತ್ತಾ ಮೈದಾನ ಸುತ್ತಿದರು. ಸುನೀತ ಕಣ್ಣೊರೆಸಿಕೊಂಡು ಬರೆದು ಮುಗಿಸಿದಳು.

ಪರೀಕ್ಷೆಯಲ್ಲಿ ಬಂದ ರ‍್ಯಾಂಕ್ ಹೇಳಿಕೊಳ್ಳುವಂಥದ್ದೇನಲ್ಲ. ಆದರೂ ಸಂಜೆ ಮನೆಗೆ ಮರಳಬಹುದಾದ ಕಾಲೇಜಿನಲ್ಲೇ ಸೀಟು ಸಿಕ್ಕಿತು. ಫೋನ್ ಮಾಡಿದವರು ಮುನಿಯಮ್ಮ: "ಮೇಡಮ್ಮೋರೆ, ನಮ್ಗೆ ಸೀಟ್ ಸಿಕ್ತು!"

ಅದುವರೆಗೆ, ಯಾವ ಕೋಚಿಂಗ್ ಒಳ್ಳೆಯದು ಎಂದು ಮಕ್ಕಳು ಕೇಳಿದರೆ ಒಂದು ಹೆಸರು ಹೇಳಿ ಕಳಿಸುತ್ತಿದ್ದೆ. ಆಮೇಲೆ ಹಾಗೆ ಮಾಡಲಿಲ್ಲ. ಮೊದಲು ಒಂದು ಪತ್ರಿಕೆ ಬರೆಸಿ, ಎಲ್ಲಿ ತಡವರಿಸುತ್ತಾರೆಂದು ನೋಡುತ್ತಿದ್ದೆ. ನಂತರ, "ಓದೋಕೆ ಕೂತಾಗ ಮನೇಲಿ ನಿನ್ನ ಕಡೆ ಯಾರಿದ್ದಾರೆ?" ಎಂದು ಕೇಳುತ್ತಿದ್ದೆ.