ಅಪ್ಪನ ಅಳತೆಯ ಕಪಾಟು

ಬ್ಯಾಡಗಿಯಲ್ಲಿ ನಾನು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಬ್ಲೌಜು ಬಿಗಿಯಾದರೆ ಗಿರಾಕಿಗಳು ನನಗೆ ಹೇಳುವುದಿಲ್ಲ, ಅವ್ವನ ಹತ್ತಿರ ಹೇಳಿ ಹೋಗುತ್ತಾರೆ. ಆ ಸಿಟ್ಟಿನಿಂದಲೇ ಒಮ್ಮೆ ಬಡಿಗತನಕ್ಕೂ ಕೈ ಹಾಕಿದೆ.

ಅಪ್ಪ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತವರು. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಎಳೆದುಕೊಂಡಾದರೂ ನಡೆಯುವಷ್ಟು ಕಾಲು ಸುಧಾರಿಸಿತು, ಕೈ ಸುಧಾರಿಸಲಿಲ್ಲ. ಅವರ ಅಂಗಿಗಳ ಗುಂಡಿ ಕಿತ್ತು, ಎಡಗೈಯೊಂದರಿಂದಲೇ ಒತ್ತಿಕೊಳ್ಳಲಿ ಎಂದು ಟಿಚ್ ಬಟನ್ ಹಚ್ಚಿಕೊಟ್ಟೆ. ಆದರೆ ಅಂಗಿ ಇರುವುದು ಕಬ್ಬಿಣದ ತಿಜೋರಿಯಲ್ಲಿ, ಅಂದರೆ ಬೀರುವಿನಲ್ಲಿ. ಅದರ ಹಿಡಿಕೆಯನ್ನು ಒಂದು ಕೈಯಿಂದ ತಿರುಗಿಸಿ ಇನ್ನೊಂದರಿಂದ ಬಾಗಿಲು ಜಗ್ಗಬೇಕು. ಹಾಗಾಗಿ ದಿನಾ ಬೆಳಿಗ್ಗೆ ಅವ್ವನೇ ತನಗೆ ಬೇಕಾದ ಅಂಗಿ ತೆಗೆದು ಅವರ ತೋಳಿಗೆ ಏರಿಸುತ್ತಿದ್ದಳು. ಒಂದು ದಿನ ಅಪ್ಪ ಅವಳ ಕೈ ಸರಿಸಿ, "ನಾನೇನ್ ಕೂಸಾ?" ಅಂದರು. ಅವತ್ತಿನಿಂದ ಬರೀ ಬನಿಯನ್ನಿನಲ್ಲೇ ಕೂತರು. ಚಾದಂಗಡಿಗೆ ಹೋಗುವುದು ನಿಂತಿತು. ಕೇಳಿದರೆ, "ಹೊರಗ ನನಗೇನ್ ಕೆಲಸ ಐತಿ" ಅನ್ನುವರು. ಅಷ್ಟು ದೊಡ್ಡ ಮನುಷ್ಯ ಮೂಲೆ ಹಿಡಿದರು. ಗೂಟಕ್ಕೆ ತೂಗುಹಾಕಿದರೂ ಅದು ಅವ್ವ ಆರಿಸಿದ ಅಂಗಿಯೇ. ಅವರೇ ತೆರೆದು, ಅವರೇ ಆರಿಸಿ ತೆಗೆಯುವಂಥದ್ದು ಬೇಕಿತ್ತು.

ಹಾವೇರಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಎಲ್ಲ ಕಪಾಟುಗಳಿಗೂ ಮೇಲೆ ಕನ್ನಡಿ, ಡ್ರಾಯರ್ ಮಾತ್ರ ನೆಲದ ಹತ್ತಿರ. ಬಗ್ಗಿದರೆ ಅಪ್ಪ ಬೀಳುತ್ತಾರೆ. ನಮ್ಮ ಓಣಿಯ ಬಡಿಗ ಕಾಕಾ "ನಾಳೆ ಬರ್ತೇನವಾ" ಅನ್ನುತ್ತ ಮದುವೆಯ ಮಂಚಗಳಲ್ಲಿ ಮುಳುಗಿದ್ದರು. ಒಂದು ದಿನ ಅವರ ಅಂಗಡಿ ಮುಂದೆ ನಾಲ್ಕು ಮಂದಿ ನಿಂತಿದ್ದಾಗಲೇ, "ನಿಮ್ಮ ನಾಳೆ ನಿಮ್ಮ ಹತ್ರಽ ಇಟ್ಕೋರಿ. ನಾನಽ ಮಾಡ್ತೇನಿ" ಅಂದುಬಿಟ್ಟೆ.

"ಬ್ಲೌಜ್ ಹೊಲದಂಗ ಅಲ್ಲವಾ ಇದು. ಬಟ್ಟಿ ತಪ್ಪಿದ್ರ ಬಿಚ್ಚಬಹುದು. ಕಟಗಿ ತಪ್ಪಿದ್ರ ಒಲಿಗೆ" ಅಂದರು ಕಾಕಾ. ನಿಂತವರು ನಕ್ಕರು. ಮಾತು ಆಡಿದರೆ ಹೋಯಿತು. ಗರಗಸ, ಉಳಿ, ಮರ ಹೆರೆಯುವ ರಂಧಾ ಎಲ್ಲ ಅವರ ಹತ್ತಿರವೇ ಕೇಳಿ ತಂದೆ.

ರಾಣೇಬೆನ್ನೂರಿನಲ್ಲಿ ಹಳೆ ಸಾಗವಾನಿ ಹಲಗೆ ಸಿಕ್ಕವು. ಯಾವುದೋ ಗೋದಾಮಿನ ಅಟ್ಟದವು ಎಂದ ಮಾರುವವ. ಅಟ್ಟದ ಮೇಲೆ ಏನಿತ್ತು ಎಂದು ನಾನು ಕೇಳಲಿಲ್ಲ. ಟಂಟಂ ರಿಕ್ಷಾದಲ್ಲಿ ಹೇರಿಸಿಕೊಂಡು ಮೋಟೆಬೆನ್ನೂರಿನಲ್ಲಿ ಹೊರಳಿ ಮನೆಗೆ ತಂದೆ. ಅಂಗಳದಲ್ಲಿ ರಂಧಾ ಹಾಕಿದ ಕೂಡಲೇ ಕೆಂಪು ಧೂಳೆದ್ದಿತು. ನಾನು ಸೀನಿದೆ, ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು, ಎದುರು ಮನೆಯವರು ಕಿಟಕಿ ಮುಚ್ಚಿದರು. ಒಳಗೆ ಮಂಚದ ಮೇಲಿಂದ ಅಪ್ಪನೂ ಸೀನಿ, ತೊದಲುತ್ತ, "ಇದು ನಮ್ಮ ಬ್ಯಾಡಗಿ ಕಾಯಲ್ಲ. ಆಂಧ್ರದ ಖಾರ" ಅಂದರು. ಹಾಗೆಂದು ಅರ್ಧ ಬಾಯಲ್ಲಿ ನಕ್ಕರು. ಅವರು ನಕ್ಕು ಬಹಳ ದಿನವಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗಿಟ್ಟು, ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಕೆಲಸ ಮುಂದುವರಿಸಿದೆ.

ಕುತ್ತಿಗೆಯಲ್ಲಿದ್ದ ಟೇಪಿನಿಂದಲೇ ಅಪ್ಪನ ಅಳತೆ ತೆಗೆದೆ. "ಏನ್ ಹೊಲೀತಿ?" ಅಂದರು. "ಕಪಾಟ. ಸುಮ್ಮನ ನಿಂದರ್ರಿ" ಅಂದೆ. ಮೊಣಕೈ ಮಡಚಿದಾಗ ಎಡಗೈ ನಿಲ್ಲುವಲ್ಲಿ ಮೇಲಿನ ಡ್ರಾಯರ್, ಕೈ ಇಳಿಬಿಟ್ಟಾಗ ಬೆರಳು ಮುಟ್ಟುವಲ್ಲಿ ಕೆಳಗಿನದು. ಅದರ ಕೆಳಗೆ ಬರೀ ಕಪಾಟಿನ ಕಾಲು.

ಅಳತೆ ಸರಿಯಿತ್ತು, ಕೊಯ್ದವಳಿಗೆ ಬುದ್ಧಿ ಇರಲಿಲ್ಲ. ರೂಢಿಯಂತೆ ಎಲ್ಲ ಕಡೆ ಹೊಲಿಗೆಗೆಂದು ಎರಡು ಬೆರಳು ಹೆಚ್ಚು ಬಿಟ್ಟು ಹಲಗೆ ಕೊಯ್ದಿದ್ದೆ. ಹಲಗೆಗೆ ಎಲ್ಲಿಯ ಹೊಲಿಗೆ? ಅಂಗೈಯಲ್ಲಿ ಬೊಬ್ಬೆ ಎದ್ದರೂ ಎಲ್ಲವನ್ನೂ ಮತ್ತೆ ಕೊಯ್ದೆ. ಮೊಳೆಗಳು ಬಾಗಿದವು, ಕಿತ್ತು ಮತ್ತೆ ಹೊಡೆದೆ. ಕೊನೆಗೆ ಡ್ರಾಯರುಗಳು ಒಳ್ಳೆಯ ಬ್ಲೌಜಿನಂತೆ ಬಿಗಿಯಾಗಿ ಕೂತವು. ಒಂದೊಂದಕ್ಕೂ ಎಡಕ್ಕೊಂದು ಬಲಕ್ಕೊಂದು ಹಿತ್ತಾಳೆ ಹಿಡಿಕೆ ಹಚ್ಚಿದೆ. ಎಳೆದೆ, ಬಂತು. ನೂಕಿದೆ, ಹೋಯಿತು. ಸೊಕ್ಕಿನಿಂದಲೇ ಅಪ್ಪನನ್ನು ಕರೆದೆ.

ಅಪ್ಪ ಎಡಗೈಯಿಂದ ಎಡ ಹಿಡಿಕೆ ಹಿಡಿದು ಎಳೆದರು. ಡ್ರಾಯರ್ ಸೊಟ್ಟಗಾಗಿ ಸಿಕ್ಕಿಕೊಂಡಿತು. ಜೋರಾಗಿ ಎಳೆದರೆ ಇಡೀ ಕಪಾಟು ಅವರ ಕಡೆ ಜರುಗಿತು. ನಾನು ಹಿಡಿಯಲು ಹೋದೆ. ಅಷ್ಟರಲ್ಲಿ ಅವರೇ ಕೈ ಬಿಟ್ಟು, "ಇರ್ಲಿ ಬಿಡವಾ" ಎಂದು ಮಂಚಕ್ಕೆ ಹೋಗಿ ಗೋಡೆಯ ಕಡೆ ಹೊರಳಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಮಳಿಗಾಲಕ್ಕ ಕಟಗಿ ಉಬ್ಬೇತಿ" ಅಂದೆ.

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ" ಅಂದಳು ಅವ್ವ.

ಅವಳ ಮೇಲೆ ಹರಿಹಾಯಬೇಕು ಎನ್ನುವಾಗಲೇ ಹೊಳೆಯಿತು. ಅಷ್ಟು ದಿನ ನಾನು ಎಳೆದು ನೋಡಿದ್ದು ಎರಡೂ ಕೈಯಿಂದ. ಒಂದು ಕೈಯವರಿಗೆಂದು ಮಾಡಿದ ಕಪಾಟನ್ನು ಎರಡು ಕೈಯಿಂದ ಪರೀಕ್ಷೆ ಮಾಡಿದ್ದೆ.

"ಅವ್ವಾ, ನನ್ನ ಬಲಗೈ ಸೊಂಟಕ್ಕ ಕಟ್ಟು" ಅಂದು ಟೇಪು ಕೊಟ್ಟೆ. ಡ್ರಾಯರಿನ ಬದಿಗಳಿಗೆಲ್ಲ ಬಟ್ಟೆಗೆ ಗೆರೆ ಎಳೆಯುವ ಚಾಕ್‌ಪೀಸ್ ಸವರಿ, ಎಡಗೈಯೊಂದರಿಂದಲೇ ನೂಕಿ ಎಳೆದೆ. ಎಲ್ಲಿ ತಿಕ್ಕುತ್ತದೋ ಅಲ್ಲಿ ಚಾಕ್‌ಪೀಸಿನ ಬಣ್ಣ ಅಳಿಸಿಹೋಗುತ್ತಿತ್ತು. ಕೈ ಬಿಚ್ಚಿಸಿಕೊಂಡು ಅಲ್ಲಿ ಮಾತ್ರ ರಂಧಾ ಹಾಕುವುದು, ಮತ್ತೆ ಕಟ್ಟಿಸಿಕೊಳ್ಳುವುದು. "ಕಟ್ಟೂದು ಬಿಚ್ಚೂದು, ಎಮ್ಮಿ ಸಾಕಿದಂಗಾತು ನಿನ್ನ" ಎಂದು ಅವ್ವ ಗೊಣಗಿದಳು. ಹಿತ್ತಾಳೆ ಹಿಡಿಕೆಗಳನ್ನು ಕಿತ್ತು, ಪ್ರತಿ ಡ್ರಾಯರಿನ ನಡುವೆ ಎಳೆಯಲು ಒಂದೇ ಒಂದು ಜೀನ್ಸ್ ಬಟ್ಟೆಯ ಪಟ್ಟಿ ಹಚ್ಚಿದೆ. ಡ್ರಾಯರ್ ಜಾರುವಲ್ಲಿ ಮೇಣದಬತ್ತಿ ತಿಕ್ಕಿದೆ. ಕಪಾಟಿನ ಬೆನ್ನನ್ನು ಗೋಡೆಗೆ ಬಿಗಿದೆ. ಹಿಡಿಕೆ ಇದ್ದ ತೂತುಗಳು ಈಗಲೂ ಕಾಣುತ್ತವೆ, ಕಾಣಲಿ. ಕೊನೆಗೆ ಒಂದೇ ಕೈಗೆ ಡ್ರಾಯರ್ ನೆಟ್ಟಗೆ ಬಂತು. ಅವ್ವ ಅಂಗಿಗಳನ್ನು ಮಡಚಿ ತುಂಬಿಸಿದಳು. ಅಪ್ಪನನ್ನು ಈ ಸಲ ನಾನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಹೊರಗಿನ ಕೋಣೆಯಲ್ಲಿ ಮಶಿನ್ ತುಳಿಯುತ್ತಿದ್ದೆ. ಒಳಗೆ ಡ್ರಾಯರ್ ಸರಿದ ಸಪ್ಪಳವಾಯಿತು. ಪಕ್ಕದಲ್ಲಿದ್ದ ಅವ್ವ ಏಳಲು ಹೋದಳು. ಅವಳ ಸೆರಗು ಹಿಡಿದು, "ಕುಂದರು" ಅಂದೆ. ಇನ್ನೊಂದು ಡ್ರಾಯರ್ ಸರಿಯಿತು. ನಾನು ಮಶಿನ್ ನಿಲ್ಲಿಸಿದೆ. ಆಮೇಲೆ ಟಿಚ್ ಬಟನ್ ಒಂದೊಂದಾಗಿ ಟಿಕ್ ಎಂದವು.

ಅಪ್ಪ ಹೊರಬಂದರು. ಮೈಮೇಲೆ ಮಾರ್ಕೆಟ್ಟಿಗೆ ಹೋಗುವಾಗ ಹಾಕುತ್ತಿದ್ದ, ಬಣ್ಣ ಹೋದ ಹಸಿರು ಚೌಕಳಿ ಅಂಗಿ. ಅವ್ವ ಅದನ್ನು ಕೆಳಗಿನ ಡ್ರಾಯರಿನ ತಳದಲ್ಲಿ ತುರುಕಿದ್ದಳು.

"ಅದನ್ನ ಹಾಕ್ಕೊಂಡ್ ಹೊಂಟೀರೇನ್ರಿ? ಒರಸೂ ಬಟ್ಟಿ ಮಾಡಬೇಕಂತ ಇಟ್ಟಿದ್ದೆ. ಬಿಳೇದು ಮ್ಯಾಲೇ ಇತ್ತಲ್ಲ."

"ಬಿಳೇದು ನಿನಗ ಚಂದ ಕಾಣತೈತಿ. ನೀನಽ ಹಾಕ್ಕೋ."

"ಮಂದಿ ನನಗ ಬೈತಾರ, ನಿಮಗಲ್ಲ."

"ಬೈಲಿ ಬಿಡು."

ಲಕ್ವ ಹೊಡೆದ ಮೇಲೆ ಅವರಿಬ್ಬರೂ ಹೀಗೆ ಜಗಳಾಡಿರಲೇ ಇಲ್ಲ. ಅವ್ವ ಬೈಯುತ್ತಲೇ ಬಾಗಿಲ ತನಕ ಹೋದಳು. ಅಪ್ಪ ಅವಳ ಕಡೆ ತಿರುಗಿಯೂ ನೋಡದೆ ಕಾಲೆಳೆಯುತ್ತ ಚಾದಂಗಡಿಯ ಕಡೆ ನಡೆದರು. ಅವರ ಕಾಲರಿನ ಒಂದು ಬದಿ ಒಳಗೆ ಮಡಚಿಕೊಂಡಿತ್ತು. ಸರಿಮಾಡಲು ನಾನು ಏಳಲಿಲ್ಲ.