ಲೆನ್ಸಿನ ಸ್ವಭಾವ ಬಲ್ಲ ಅಕ್ಕ

ಬೆಳಗಿನ ಐದೂಮುಕ್ಕಾಲು. ಬೀದಿಯಲ್ಲಿ ಲಾರಿಗಳ ಓಡಾಟ ಇನ್ನೂ ಶುರುವಾಗಿಲ್ಲ. ಮೇಜು ಅದುರುವುದಿಲ್ಲ, ಧೂಳೂ ಏಳುವುದಿಲ್ಲ. ಎರಡನೇ ಮಹಡಿಯ ಕೋಣೆಯಲ್ಲಿ ಐವತ್ತೆಂಟರ ಹೆಂಗಸೊಬ್ಬರು ಹಳೆಯ ಲೆನ್ಸೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದಾರೆ. ಗಾಜಿನೊಳಗೆ ಮಂಜಿನಂಥ ತೆಳು ಪೊರೆ.

"ಈಗ್ಲೇ ಕಾಣೋದು ಇದು. ಬಿಸಿಲು ಏರಿದ್ರೆ ಎಲ್ಲಾ ಲೆನ್ಸೂ ಸಾಚಾ ಆಗ್ಬಿಡುತ್ತೆ," ಎಂದು ನಗುತ್ತಾರೆ.

ಕ್ಯಾಮೆರಾದವರ ನಡುವೆ ಇವರು 'ಲೆನ್ಸಕ್ಕ'. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವರು. ಗಂಡ ತೀರಿಕೊಂಡ ವರ್ಷವೇ ಅಂಗಡಿಗೆ ಯಂತ್ರ ಬಂತು, ಕೆಲಸ ಹೋಯಿತು. ಮಗಳಿಗಾಗ ನಾಲ್ಕು ವರ್ಷ. ಪಕ್ಕದ ಸ್ಟುಡಿಯೊದವರು ಎಸೆಯಲಿದ್ದ, ತಿರುಗದೆ ಬಿಗಿದುಕೊಂಡ ಲೆನ್ಸನ್ನು ಕೇಳಿ ತಂದರು. "ಬಿಚ್ಚಿದ್ದು ಹತ್ತು ನಿಮಿಷ, ಜೋಡಿಸಿದ್ದು ಒಂಬತ್ತು ದಿನ!" ಈಗ ತಿಂಗಳಿಗೆ ಹದಿನೈದು ಲೆನ್ಸು. ಮೂವತ್ತೊಂದು ವರ್ಷದಲ್ಲಿ ನಾಲ್ಕು ಸಾವಿರ ದಾಟಿರಬೇಕು.

ಅವರ ಕೈ ಹೆಚ್ಚು ಪಳಗಿರುವುದು ರೇಂಜ್‌ಫೈಂಡರ್ ಕ್ಯಾಮೆರಾದ ಲೆನ್ಸುಗಳಲ್ಲಿ. ಈ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ನೋಡುವಂತಿಲ್ಲ. ಬೇರೊಂದು ಪುಟ್ಟ ಕಿಂಡಿಯಲ್ಲಿ ಎರಡಾಗಿ ಕಾಣುವ ಚಿತ್ರ ಒಂದಾದರೆ ಫೋಕಸ್ ಸರಿಯಾಯಿತೆಂದು ಲೆಕ್ಕ. ಲೆನ್ಸು ಬೇರೆಲ್ಲೋ ನೋಡುತ್ತಿದ್ದರೆ ರೀಲು ತೊಳೆಯುವ ತನಕ ತಿಳಿಯದು.

ಮೇಜಿನ ಮೇಲೆ ಎರಡಿವೆ, ಎರಡೂ ಐವತ್ತು ಎಂಎಂ. ಒಂದರಲ್ಲಿ ಬೆಳಕನ್ನು ಹೆಚ್ಚು ಕಡಿಮೆ ಒಳಬಿಡುವ ರಂಧ್ರದ, ಅಂದರೆ ಅಪರ್ಚರಿನ, ಆಚೀಚೆ ಗಾಜುಗಳು ಬೀಗರ ಹಾಗೆ ಎದುರುಬದುರು ಕೂತಿವೆ. ಅದರ ಚಿತ್ರದಲ್ಲಿ ಗೆರೆ ನೇರ, ಅಂಚು ಸ್ಪಷ್ಟ. ಇನ್ನೊಂದರಲ್ಲಿ ಮೂರು ಮೂರು ಗಾಜುಗಳನ್ನು ನಡುವೆ ಗಾಳಿಯಿಲ್ಲದಂತೆ ಅಂಟಿಸಿದೆ. ಒಳಗೆ ಬೆಳಕು ಚದುರುವುದು ಕಡಿಮೆ. ಕಪ್ಪು ಕಪ್ಪಾಗಿಯೇ ಬರುತ್ತದೆ, ಹಿನ್ನೆಲೆ ಮೆತ್ತಗೆ ಕರಗುತ್ತದೆ.

"ಮೊದಲನೇದು ಲೆಕ್ಕದ ಮೇಷ್ಟ್ರು. ಎರಡನೇದಕ್ಕೆ ಸ್ವಲ್ಪ ಮೂಡು ಜಾಸ್ತಿ. ಅಪರ್ಚರ್ ಕಿರಿದು ಮಾಡಿದ್ರೆ ಫೋಕಸ್ಸು ಹಿಂದಕ್ಕೆ ಜಾರುತ್ತೆ. ಅದು ರೋಗ ಅಲ್ಲ, ಸ್ವಭಾವ."

ಇದನ್ನು ಕಲಿಸಿದ್ದು ಅವರದೇ ಒಂದು ತಪ್ಪು. ಒಂಬತ್ತು ವರ್ಷದ ಹಿಂದೆ ಫೋಟೊಗ್ರಾಫರೊಬ್ಬರು ಈ ಎರಡನೇ ಬಗೆಯ ಲೆನ್ಸನ್ನು ಶುಚಿ ಮಾಡಲು ಕೊಟ್ಟರು. ಅಕ್ಕ ಅದನ್ನು ಕಿರಿದಾದ ಅಪರ್ಚರಿಗೆ ಹೊಂದಿಸಿ ಕೊಟ್ಟರು. ಫೋಟೊಗ್ರಾಫರೋ ಆಸ್ಪತ್ರೆಯ ಮಂದ ಬೆಳಕಿನಲ್ಲಿ, ಅಪರ್ಚರನ್ನು ಪೂರ್ತಿ ತೆರೆದು, ಆಗಷ್ಟೇ ಹುಟ್ಟಿದ ಮಗಳ ಚಿತ್ರ ತೆಗೆದರು. ಮೂವತ್ತಾರು ಚಿತ್ರದಲ್ಲೂ ಫೋಕಸ್ಸು ಮುಂದಕ್ಕೆ ಬಿದ್ದಿತ್ತು: ಮಗು ಚಾಚಿದ ಮುಷ್ಟಿ ಚೊಕ್ಕ, ಕಣ್ಣು ಮಸುಕು.

"ತಪ್ಪು ನಂದೇ ಅಂದೆ. ಇನ್ನೇನ್ ಹೇಳ್ಲಿ? ಆ ದಿನ ಮತ್ತೆ ಬರುತ್ತಾ?"

"ಯಾವ ಅಪರ್ಚರಲ್ಲಿ ತೆಗೀತೀರಿ ಅಂತ ಒಂದ್ ಮಾತು ಕೇಳ್ಬಹುದಿತ್ತಲ್ಲಕ್ಕ," ಎಂದಷ್ಟೇ ಹೇಳಿ ಅವರು ಹೊರಟುಹೋದರು. ಬೈದಿದ್ದರೇ ವಾಸಿಯಿತ್ತು ಎನ್ನುತ್ತಾರೆ ಅಕ್ಕ. ಅಂದಿನಿಂದ, ಬಂದವರನ್ನು ಕೂರಿಸಿ ಆ ಮಾತು ಕೇಳದೆ ಸ್ಕ್ರೂ ಬಿಚ್ಚುವುದಿಲ್ಲ. "ಲೆನ್ಸು ಕೊಟ್ರೆ ನಮ್ಮನ್ನೇ ತಪಾಸಣೆ ಮಾಡ್ತಾರೆ," ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ.

ಕಳೆದ ತಿಂಗಳು ಆ ಫೋಟೊಗ್ರಾಫರ್ ಮತ್ತೆ ಬಂದರು, ಅದೇ ಲೆನ್ಸು ಹಿಡಿದು. ಇಬ್ಬರು ರಿಪೇರಿಯವರು ಅದನ್ನು ಕೆಟ್ಟ ಮಾಲು ಎಂದಿದ್ದರಂತೆ. ಮಗಳು ಶಾಲೆಯ ನಾಟಕದಲ್ಲಿ ರಾಣಿ. ರಂಗದ ಮೇಲೆ ಬೆಳಕು ಕಡಿಮೆ. ಅಕ್ಕ ಕೇಳಬೇಕಾದ್ದು ಕೇಳಿದರು. ಕೂದಲೆಳೆಯಷ್ಟು ತೆಳುವಾದ ಹಿತ್ತಾಳೆ ಬಳೆಯನ್ನು ಒಳಗೆ ಬದಲಿಸಿ, ಪೂರ್ತಿ ತೆರೆದ ಅಪರ್ಚರಿಗೆ ಹೊಂದಿಸಿದರು. ಆರು ಸಲ ಪರೀಕ್ಷೆಯ ರೀಲು ತೊಳೆದರು.

ನಾಟಕದ ಮರುವಾರ ಫೋಟೊಗ್ರಾಫರ್ ಮಗಳನ್ನು ಕರೆದುಕೊಂಡು, ಚಿತ್ರವನ್ನೂ ತಂದರು. ಚಿತ್ರದಲ್ಲಿ ಕಾಗದದ ಕಿರೀಟ ಕಿವಿಯ ಮೇಲೆ ವಾಲಿದೆ. ಕಣ್ಣಿನ ರೆಪ್ಪೆಗಳನ್ನು ಎಣಿಸಬಹುದು.

"ಕಣ್ಣು ಸಿಕ್ತಕ್ಕ," ಎಂದರಂತೆ ಅವರು.

"ಹೊಗಳೋದೆಲ್ಲ ಬೇಡ," ಎನ್ನುತ್ತಾರೆ ಅಕ್ಕ, ಕೈಗವಸು ಕಳಚುತ್ತ. "ಕೆಡಿಸಿದೋಳ ಹತ್ರಾನೇ ನಂಬಿ ತಂದ್ರಲ್ಲ, ನಂಗೆ ಅಷ್ಟು ಸಾಕು."